ಸುಂಕದವನ ಮುಂದೆ ಎಲೆಕ್ಟ್ರಿಕ್ ಕಾರು

 

ನಮ್ಮ ಮನೆಯಲ್ಲಿ ಎರಡು ಕಾರುಗಳಿವೆ. ಒಂದು ಹಳೆಯದು, ಗ್ಯಾಸ್ ಹಾಕಿಸಬೇಕು. ಇನ್ನೊಂದು 2024ರ ಕೊನೆಯಲ್ಲಿ ತಗೊಂಡ ಎಲೆಕ್ಟ್ರಿಕ್ ಕಾರು, ರಾತ್ರಿ ಗರಾಜಿನಲ್ಲಿ ಚಾರ್ಜಿಗೆ ಹಾಕಿದರೆ ಆಯಿತು. ಮೊನ್ನೆ ಒಂದು ಶನಿವಾರ ಕನ್ನಡ ಕ್ಲಾಸ್ ಮುಗಿಸಿ ಹಳೇ ಕಾರಲ್ಲಿ ವಾಪಸ್ ಬರುವಾಗ ರೂಟ್ 1ರ ಪಕ್ಕದ ಗ್ಯಾಸ್ ಸ್ಟೇಷನ್ನಿನಲ್ಲಿ ನಿಲ್ಲಿಸಿದೆವು. ನಮ್ಮ ನ್ಯೂಜೆರ್ಸಿಯಲ್ಲಿ ನಾವೇ ಇಳಿದು ಗ್ಯಾಸ್ ಹಾಕಿಕೊಳ್ಳೋ ಹಾಗಿಲ್ಲ, 1949ರಿಂದ ಹಾಗೆ ಕಾನೂನಿದೆ. ಆದ್ದರಿಂದ ಕಾರ್ಡು ಕೊಟ್ಟು ಸುಮ್ಮನೆ ಕೂತಿದ್ದೆವು. ಆರನೇ ಕ್ಲಾಸಿನ ನನ್ನ ಮಗಳು ಪಂಪಿನ ಮೇಲೆ ಓಡುತ್ತಿದ್ದ ಅಂಕಿಗಳನ್ನೇ ನೋಡುತ್ತಾ ಕೇಳಿದಳು.

"ಅಪ್ಪಾ, ಇದರಲ್ಲಿ ಟ್ಯಾಕ್ಸ್ ಎಷ್ಟು?"

"ಗ್ಯಾಲನ್ನಿಗೆ ಅರವತ್ತು ಸೆಂಟಿಗಿಂತ ಸ್ವಲ್ಪ ಜಾಸ್ತಿ ಪುಟ್ಟಿ. ಅದು ರಸ್ತೆ, ಸೇತುವೆ ಎಲ್ಲದಕ್ಕೂ ಹೋಗುತ್ತೆ."

"ಹಾಗಾದ್ರೆ ನಮ್ಮ ಇನ್ನೊಂದು ಕಾರಿನ ರಸ್ತೆ ದುಡ್ಡು ಯಾರು ಕೊಡ್ತಾರೆ?"

"ನಾವೇ ಕೊಡ್ತೀವಿ, ವರ್ಷಕ್ಕೆ ಇಷ್ಟು ಅಂತ" ಅಂದೆ. ಅವಳು ಬಿಡಲಿಲ್ಲ. "ಕಡಿಮೆ ಓಡಿಸಿದರೂ ಅಷ್ಟೇನಾ? ಜಾಸ್ತಿ ಓಡಿಸಿದರೂ ಅಷ್ಟೇನಾ?" ಹೌದು ಅಂದೆ. "ಅದು ಫೇರ್ ಅಲ್ಲ" ಅಂದುಬಿಟ್ಟಳು.

ಆ ಸಂಜೆ ಇಬ್ಬರೂ ಊಟದ ಮೇಜಿನ ಮೇಲೆ ಕಾಗದ, ಪೆನ್ನು ಇಟ್ಟುಕೊಂಡು ಲೆಕ್ಕ ಹಾಕಿದೆವು. ಆ ಲೆಕ್ಕವೇ ಈ ಪಾಠ. ಗುಣಾಕಾರ, ಭಾಗಾಕಾರ ಬಂದರೆ ಸಾಕು, ನೀವೂ ನಮ್ಮ ಜೊತೆ ಮಾಡಬಹುದು. ಇಲ್ಲಿರುವ ದರಗಳೆಲ್ಲ 2025ರವು.

ಸುಂಕ ಅಂದರೇನು?

ಮೊದಲು ಒಂದು ಗಾದೆ ಕಲಿಯೋಣ. "ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ." ಹಿಂದಿನ ಕಾಲದಲ್ಲಿ ವ್ಯಾಪಾರಿಗಳು ಎತ್ತುಗಳ ಮೇಲೆ ಅಡಿಕೆ, ಮೆಣಸು, ವೀಳ್ಯದೆಲೆ ಹೇರಿಕೊಂಡು ಊರಿಂದ ಊರಿಗೆ ಹೋಗುತ್ತಿದ್ದರು. ದಾರಿಯಲ್ಲಿ ಸುಂಕದ ಕಟ್ಟೆ ಇರುತ್ತಿತ್ತು. ಅಲ್ಲಿ ಕೂತಿರುವವನಿಗೆ "ಅಯ್ಯಾ, ಈ ಸಲ ಮಳೆ ಬರಲಿಲ್ಲ, ಮನೆಯಲ್ಲಿ ಮಗುವಿಗೆ ಜ್ವರ" ಅಂತ ಎಷ್ಟು ಹೇಳಿಕೊಂಡರೂ ಅವನು "ಸರಿ, ಸುಂಕ ಎಲ್ಲಿ?" ಅಂತಾನೆ. ಕೇಳಿಸಿಕೊಂಡರೂ ಮನಸ್ಸಿಗೆ ಹಾಕಿಕೊಳ್ಳದವರ ಮುಂದೆ ಕಷ್ಟ ಹೇಳಿಕೊಂಡರೆ ಈ ಗಾದೆ ಬಳಸುತ್ತೇವೆ.

ಚಾಲುಕ್ಯರ, ಹೊಯ್ಸಳರ ಕಾಲದ ಕನ್ನಡ ಶಾಸನಗಳಲ್ಲಿ ಸುಂಕದ ಮಾತು ಬಹಳ ಬರುತ್ತದೆ. ದೊಡ್ಡ ಸುಂಕಕ್ಕೆ ಹೆಜ್ಜುಂಕ ಅಂತ ಹೆಸರು. ಎಷ್ಟೋ ಸರಕಿಗೆ ಸುಂಕವನ್ನು ಹೇರಿನ ಲೆಕ್ಕದಲ್ಲಿ ಹಾಕುತ್ತಿದ್ದರು. ಹೇರು ಅಂದರೆ ಒಂದು ಎತ್ತು ಹೊರುವಷ್ಟು ಹೊರೆ.

ಅಂದರೆ ಸುಂಕದವನು ಏನನ್ನೋ ಒಂದನ್ನು ಎಣಿಸಲೇಬೇಕು. ಅವತ್ತು ಹೇರು ಎಣಿಸಿದ. ಇವತ್ತು ಅವನ ಮುಂದೆ ಎಲೆಕ್ಟ್ರಿಕ್ ಕಾರು ಬಂದು ನಿಂತಿದೆ. ಅವನು ಈಗ ಏನನ್ನು ಎಣಿಸಬೇಕು?

ರಸ್ತೆಗೆ ಖರ್ಚು ಯಾಕೆ?

ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ನಮ್ಮ ರಸ್ತೆಗಳ ಅವಸ್ಥೆ ನೀವೇ ನೋಡಿರುತ್ತೀರಿ. ಡಾಂಬರಿನ ಬಿರುಕಿನೊಳಗೆ ನೀರು ಇಳಿಯುತ್ತೆ. ರಾತ್ರಿ ಅದು ಮಂಜುಗಡ್ಡೆಯಾದಾಗ ಗಾತ್ರದಲ್ಲಿ ನೂರಕ್ಕೆ ಸುಮಾರು ಒಂಬತ್ತರಷ್ಟು ಹಿಗ್ಗಿ ಬಿರುಕನ್ನು ಅಗಲ ಮಾಡುತ್ತೆ. ಬೆಳಿಗ್ಗೆ ಕರಗುತ್ತೆ, ಕೆಳಗೆ ಟೊಳ್ಳಾಗುತ್ತೆ. ಮೇಲೆ ಒಂದು ಟ್ರಕ್ ಹೋದರೆ ಡಾಂಬರು ಕುಸಿದು ಗುಂಡಿ ಬೀಳುತ್ತೆ. ಇದನ್ನು ಮುಚ್ಚೋಕೆ ಪ್ರತಿ ವರ್ಷ ದುಡ್ಡು ಬೇಕು. ಸೇತುವೆಗಳ ಖರ್ಚು ಬೇರೆ.

ಈ ದುಡ್ಡಿಗೆ ಅಮೆರಿಕದಲ್ಲಿ ಮೊದಲು ಗ್ಯಾಸ್ ಮೇಲೆ ಟ್ಯಾಕ್ಸ್ ಹಾಕಿದ್ದು ಆರೆಗಾನ್ ರಾಜ್ಯ, 1919ರಲ್ಲಿ, ಗ್ಯಾಲನ್ನಿಗೆ ಒಂದು ಸೆಂಟ್. ಆ ಉಪಾಯ ಬಹಳ ಜಾಣತನದ್ದು. ಹೆಚ್ಚು ಓಡಿಸಿದವರು ಹೆಚ್ಚು ಗ್ಯಾಸ್ ಹಾಕಿಸುತ್ತಾರೆ, ಹೆಚ್ಚು ಟ್ಯಾಕ್ಸ್ ಕೊಡುತ್ತಾರೆ. ಭಾರದ ಗಾಡಿ ಹೆಚ್ಚು ಗ್ಯಾಸ್ ಕುಡಿಯುತ್ತೆ, ಅದರ ಪಾಲೂ ಹೆಚ್ಚು. ಎಲ್ಲಿ ಹೋದೆ, ಯಾಕೆ ಹೋದೆ ಅಂತ ಯಾರೂ ಕೇಳೋದಿಲ್ಲ. ಹತ್ತು ವರ್ಷದೊಳಗೆ ಎಲ್ಲಾ ರಾಜ್ಯಗಳೂ ಇದನ್ನೇ ಮಾಡಿದವು.

ನ್ಯೂಜೆರ್ಸಿಯಲ್ಲಿ 1984ರಿಂದ ರಸ್ತೆ, ಸೇತುವೆ, ರೈಲು, ಬಸ್ಸಿನ ದೊಡ್ಡ ಕೆಲಸಗಳಿಗೆ ಟ್ರಾನ್ಸ್‌ಪೋರ್ಟೇಶನ್ ಟ್ರಸ್ಟ್ ಫಂಡ್ ಅಂತ ಒಂದು ನಿಧಿ ಇದೆ. 2016ರ ನವೆಂಬರಿನಲ್ಲಿ ಇಲ್ಲಿನ ಗ್ಯಾಸ್ ಟ್ಯಾಕ್ಸ್ ಒಂದೇ ಸಲ 23 ಸೆಂಟ್ ಏರಿತು. ಅದೇ ತಿಂಗಳು ಜನ ವೋಟು ಹಾಕಿ, ಗ್ಯಾಸ್ ಟ್ಯಾಕ್ಸಿನ ದುಡ್ಡನ್ನು ಸಾರಿಗೆಗೆ ಬಿಟ್ಟು ಬೇರೆ ಯಾವುದಕ್ಕೂ ಬಳಸಬಾರದು ಅಂತ ತೀರ್ಮಾನ ಮಾಡಿದರು. 2025ರಲ್ಲಿ ರಾಜ್ಯದ ಟ್ಯಾಕ್ಸ್ ಗ್ಯಾಲನ್ನಿಗೆ 44.9 ಸೆಂಟ್. ಇದರ ಮೇಲೆ ಕೇಂದ್ರ ಸರ್ಕಾರದ್ದು 18.4 ಸೆಂಟ್. ಈ ಕೇಂದ್ರದ ದರ 1993ರಿಂದ ಬದಲಾಗಿಲ್ಲ. ನಿಮ್ಮಲ್ಲಿ ಎಷ್ಟೋ ಜನರ ಅಪ್ಪ ಅಮ್ಮ ಆಗ ಊರಲ್ಲಿ ಸ್ಕೂಲಿಗೆ ಹೋಗುತ್ತಿದ್ದರು!

44.9 + 18.4 = 63.3 ಸೆಂಟ್. ಒಂದು ಗ್ಯಾಲನ್ನಿಗೆ 30 ಮೈಲಿ ಓಡುವ ಕಾರಾದರೆ, ಮೈಲಿಗೆ ಸುಮಾರು 2.1 ಸೆಂಟ್ ಬಿತ್ತು. ಈ ಅಂಕಿ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಜಾತ್ರೆಯ ವಂತಿಗೆ

ಈಗ ಒಂದು ಹಳ್ಳಿಯ ಜಾತ್ರೆ ಅಂದುಕೊಳ್ಳಿ. ಖರ್ಚು ಒಂದು ಲಕ್ಷ ರೂಪಾಯಿ. ಊರಲ್ಲಿ ನೂರು ಮನೆ. ಮನೆಗೆ ಸಾವಿರ ರೂಪಾಯಿ ವಂತಿಗೆ. ಮುಂದಿನ ವರ್ಷ ಇಪ್ಪತ್ತು ಮನೆಯವರು ವಂತಿಗೆ ಕೊಡಲಿಲ್ಲ, ಆದರೆ ಜಾತ್ರೆಗೆ ಮಾತ್ರ ಬಂದು ಊಟ ಮಾಡಿದರು. ಖರ್ಚು ಅಷ್ಟೇ ಇದೆ. ಉಳಿದ ಎಂಬತ್ತು ಮನೆಗೆ ಎಷ್ಟು ಬೀಳುತ್ತೆ? 1,250 ರೂಪಾಯಿ.

ನ್ಯೂಜೆರ್ಸಿಯ ಗ್ಯಾಸ್ ಟ್ಯಾಕ್ಸ್ ಹೆಚ್ಚುಕಡಿಮೆ ಹೀಗೇ ನಡೆಯುತ್ತೆ. ಇಷ್ಟು ದುಡ್ಡು ಬರಬೇಕು ಅಂತ ವರ್ಷಕ್ಕೊಂದು ಗುರಿ ಇರುತ್ತೆ. ಗ್ಯಾಸ್ ಮಾರಾಟ ಕಡಿಮೆಯಾಗಿ ಗುರಿ ಮುಟ್ಟದಿದ್ದರೆ ಮುಂದಿನ ವರ್ಷದ ದರ ಏರುತ್ತೆ. ಎಲೆಕ್ಟ್ರಿಕ್ ಕಾರುಗಳು ಹೆಚ್ಚಾದರೆ, ಹೊಸ ಗ್ಯಾಸ್ ಕಾರುಗಳ ಮೈಲೇಜ್ ಚೆನ್ನಾಗಾದರೆ, ಗ್ಯಾಸ್ ಮಾರಾಟ ಇಳಿಯುತ್ತೆ. ಆಗ ಉಳಿದವರ ವಂತಿಗೆ ಏರುತ್ತೆ.

ಉಳಿದವರು ಯಾರು? ಯೋಚನೆ ಮಾಡಿ. ಹೊಸ ಕಾರು ಕೊಳ್ಳಲಾಗದೆ ಹತ್ತು ಹದಿನೈದು ವರ್ಷದ ಹಳೇ ಕಾರು ಓಡಿಸುವವರು. ಅಪಾರ್ಟ್‌ಮೆಂಟಿನಲ್ಲಿ ಬಾಡಿಗೆಗಿದ್ದು, ರಾತ್ರಿ ಚಾರ್ಜ್ ಮಾಡೋಕೆ ಗರಾಜ್ ಇಲ್ಲದವರು. ಈ ದೇಶಕ್ಕೆ ಬಂದ ಹೊಸದರಲ್ಲಿ ನಾವೂ ಹಾಗೇ ಇದ್ದೆವು. ಗರಾಜ್ ಇರುವ ನಾನು ರಸ್ತೆಗೆ ಏನೂ ಕೊಡದೆ ಹಾಯಾಗಿ ಓಡಾಡಿ, ಅವರು ನನ್ನ ಪಾಲನ್ನೂ ಸೇರಿಸಿ ಕೊಡೋದು ಸರಿಯಲ್ಲ. ಇಲ್ಲಿಯವರೆಗೆ ನನಗೂ ಮಗಳಿಗೂ ಒಂದೇ ಅಭಿಪ್ರಾಯ.

"ಕರೆಂಟಿನ ಮೇಲೇ ರಸ್ತೆ ಟ್ಯಾಕ್ಸ್ ಹಾಕಬಹುದಲ್ವಾ?" ಅಂದಳು. ಒಳ್ಳೆ ಪ್ರಶ್ನೆ. ಆದರೆ ಮನೆಯ ಕರೆಂಟ್ ಮೀಟರಿಗೆ ಕಾರು ಯಾವುದು, ಇಡ್ಲಿ ಹಿಟ್ಟು ರುಬ್ಬುವ ಗ್ರೈಂಡರ್ ಯಾವುದು ಅಂತ ಗೊತ್ತಾಗಲ್ಲ. ಎಲ್ಲದಕ್ಕೂ ಒಂದೇ ಮೀಟರ್.

ನ್ಯೂಜೆರ್ಸಿ ಕೊಟ್ಟ ಉತ್ತರ

2024ರ ಮಾರ್ಚ್‌ನಲ್ಲಿ ಗವರ್ನರ್ ಫಿಲ್ ಮರ್ಫಿ ಅವರು ಸಹಿ ಹಾಕಿದ ಕಾನೂನಿನಲ್ಲಿ ಇದಕ್ಕೆ ಒಂದು ಉತ್ತರವಿದೆ. ಪೂರ್ತಿ ಎಲೆಕ್ಟ್ರಿಕ್ ಆಗಿರುವ ಪ್ರತಿ ಕಾರಿಗೂ ವರ್ಷಕ್ಕೊಂದು ಶುಲ್ಕ. 2024ರ ಜುಲೈ 1ರಿಂದ 250 ಡಾಲರ್. ಆಮೇಲೆ ವರ್ಷಕ್ಕೆ 10 ಡಾಲರಿನಂತೆ ಏರಿ, 2028ರ ಜುಲೈಗೆ 290 ಡಾಲರ್. ಹೊಸ ಕಾರು ತಗೊಳ್ಳುವವರು ನಾಲ್ಕು ವರ್ಷದ್ದನ್ನು ಒಟ್ಟಿಗೇ ಕೊಡಬೇಕು. ನಾವು ಕಾರು ತಗೊಂಡಾಗ 250 + 260 + 270 + 280, ಒಟ್ಟು 1,060 ಡಾಲರ್ ಕೊಟ್ಟೆವು. ಕಾಗದದ ಮೇಲೆ ಆ ಸಾಲು ನೋಡಿದಾಗ ನನ್ನ ಹೆಂಡತಿ ನನ್ನ ಮುಖ ನೋಡಿದಳು. ನಾನು ಗಾದೆಯ ವ್ಯಾಪಾರಿಯ ಹಾಗೆ ಸುಖದುಃಖ ಹೇಳಿಕೊಳ್ಳಲು ಹೋಗಲಿಲ್ಲ, ಸಹಿ ಹಾಕಿದೆ.

ಈ ಪದ್ಧತಿಯಲ್ಲಿ ಅನುಕೂಲವೂ ಇದೆ. ವಸೂಲಿ ಸುಲಭ, ಹೊಸ ಯಂತ್ರ ಏನೂ ಬೇಡ, ಮೋಸ ಮಾಡೋಕೆ ಜಾಗವಿಲ್ಲ. ಆದರೆ ಸುಂಕದವನು ಇಲ್ಲಿ ಎಣಿಸುತ್ತಿರೋದು ಕಾರುಗಳನ್ನು. ಆ ಕಾರು ರಸ್ತೆಯನ್ನು ಎಷ್ಟು ಬಳಸಿತು ಅನ್ನೋದು ಲೆಕ್ಕಕ್ಕೇ ಬರುವುದಿಲ್ಲ.

ಮೂರು ಮನೆಗಳ ಲೆಕ್ಕ

ಈಗ ಕಾಗದ ತಗೊಳ್ಳಿ. ವರ್ಷದ ಶುಲ್ಕ 260 ಡಾಲರ್ ಅಂತ ಇಟ್ಟುಕೊಳ್ಳೋಣ. ಮೂರು ಮನೆಯಲ್ಲೂ ಎಲೆಕ್ಟ್ರಿಕ್ ಕಾರಿದೆ.

ಮೊದಲನೇ ಮನೆ, ನಮ್ಮ ಬೀದಿಯಲ್ಲಿರುವ ತಾತ, ಅಜ್ಜಿಯದು. ಲೈಬ್ರರಿ, ದೇವಸ್ಥಾನ, ತರಕಾರಿ ಅಂಗಡಿ ಬಿಟ್ಟು ದೂರ ಹೋಗೋದಿಲ್ಲ. ವರ್ಷಕ್ಕೆ 3,000 ಮೈಲಿ. 260 ಡಾಲರನ್ನು 3,000ದಿಂದ ಭಾಗಿಸಿದರೆ ಮೈಲಿಗೆ ಸುಮಾರು 8.7 ಸೆಂಟ್.

ಎರಡನೇ ಮನೆ ನಮ್ಮದು. ಆಫೀಸು, ಕನ್ನಡ ಕ್ಲಾಸು, ಭರತನಾಟ್ಯ, ಸಾಕರ್, ಯಾರದೋ ಮನೆಯ ಹುಟ್ಟಿದ ಹಬ್ಬ. ವರ್ಷಕ್ಕೆ 15,000 ಮೈಲಿ. ಮೈಲಿಗೆ ಸುಮಾರು 1.7 ಸೆಂಟ್.

ಮೂರನೇ ಮನೆ, ನಮಗೆ ಪರಿಚಯದ ಒಬ್ಬರು ನರ್ಸ್ ಆಂಟಿಯದು. ಆಸ್ಪತ್ರೆಯ ಹತ್ತಿರ ಮನೆ ಬಾಡಿಗೆ ಕೈಗೆಟುಕಲ್ಲ, ದೂರದಿಂದ ಓಡಾಡುತ್ತಾರೆ. ವರ್ಷಕ್ಕೆ 20,000 ಮೈಲಿ. ಮೈಲಿಗೆ 1.3 ಸೆಂಟ್.

ಈಗ ಶುಲ್ಕ ಬೇಡ, ಮೈಲಿಗೆ 2 ಸೆಂಟ್ ಅಂತ ಇಟ್ಟರೆ? ನಮ್ಮ ಗ್ಯಾಸ್ ಕಾರಿನ 2.1 ಸೆಂಟಿಗೆ ಇದು ಹತ್ತಿರದ ದರ. ತಾತನ ಮನೆಗೆ 60 ಡಾಲರ್. ನಮಗೆ 300. ನರ್ಸ್ ಆಂಟಿಗೆ 400.

ಮಗಳು ಮೂರು ಅಂಕಿಗಳನ್ನೂ ಬರೆದು, ತಾತನ ಮನೆಯ ಸುತ್ತ ಪೆನ್ನಿನಿಂದ ಗೆರೆ ಎಳೆದಳು. "ಅಪ್ಪಾ, ತಾತ 200 ಡಾಲರ್ ಜಾಸ್ತಿ ಕೊಡ್ತಿದ್ದಾರೆ. ನಾವು 40 ಕಡಿಮೆ ಕೊಡ್ತಿದ್ದೀವಿ."

ಅಲ್ಲಿಯವರೆಗೆ ಆ 1,060 ಡಾಲರ್ ಬಗ್ಗೆ ಸಿಕ್ಕವರ ಹತ್ತಿರವೆಲ್ಲ ಗೊಣಗುತ್ತಿದ್ದ ನಾನು ಸುಮ್ಮನಾದೆ. ನಮ್ಮ ಓಡಾಟದ ಖರ್ಚಿನ ಒಂದು ಪಾಲನ್ನು ತಾತ ಕೊಡುತ್ತಿದ್ದರು. ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಆದರೆ ನನ್ನ ಹೆಂಡತಿ ಬೇರೆ ಮನೆಗೆ ಬೊಟ್ಟು ಮಾಡಿದಳು. "ನರ್ಸ್ ಏನು ಖುಷಿಗೆ ಅಷ್ಟು ಓಡಿಸ್ತಾರಾ? ಅವರಿಗೆ 140 ಡಾಲರ್ ಜಾಸ್ತಿ ಆಯ್ತಲ್ಲ" ಅಂದಳು. ಅದೂ ನಿಜ. ಗ್ಯಾಸ್ ಕಾರಿದ್ದರೂ ಅವರು ಅಷ್ಟೇ ದೂರ ಹೋಗಬೇಕಿತ್ತು, ಅಷ್ಟೇ ಹೆಚ್ಚು ಟ್ಯಾಕ್ಸ್ ಕಟ್ಟಬೇಕಿತ್ತು ಅಂತ ಹೇಳಬಹುದು. ಆದರೂ ಅವಳ ಮಾತಿಗೆ ಅದು ಪೂರ್ತಿ ಉತ್ತರವಲ್ಲ. ಈ ಪ್ರಶ್ನೆಗೆ ಕೊನೆಯಲ್ಲಿ ಮತ್ತೆ ಬರುತ್ತೇನೆ.

ಮೈಲಿ ಎಣಿಸೋದು ಹೇಗೆ?

ಕಾರಿನಲ್ಲಿ ಒಟ್ಟು ಎಷ್ಟು ಮೈಲಿ ಓಡಿದೆ ಅಂತ ತೋರಿಸುವ ಓಡೋಮೀಟರ್ ಇರುತ್ತೆ, ದೂರಮಾಪಕ. ಎಣಿಸೋಕೆ ಮೂರು ದಾರಿಗಳಿವೆ.

ಮೊದಲನೆಯದು, ವರ್ಷಕ್ಕೊಮ್ಮೆ ಓಡೋಮೀಟರ್ ನೋಡಿ ಬರೆದುಕೊಳ್ಳೋದು. ಫೋನಿನಲ್ಲಿ ಒಂದು ಫೋಟೋ ತೆಗೆದು ಕಳಿಸಿದರೂ ಆಗುತ್ತೆ. ಎರಡನೆಯದು, ಡ್ಯಾಶ್‌ಬೋರ್ಡಿನ ಕೆಳಗೆ ಮೆಕ್ಯಾನಿಕ್ಕುಗಳು ಕಂಪ್ಯೂಟರ್ ಜೋಡಿಸುವ ಕಿಂಡಿಗೆ ಒಂದು ಪುಟ್ಟ ಪೆಟ್ಟಿಗೆ ಸಿಕ್ಕಿಸೋದು. ಮೂರನೆಯದು, ಕಾರು ತಾನೇ ಇಂಟರ್‌ನೆಟ್ ಮೂಲಕ ಲೆಕ್ಕ ಕಳಿಸೋದು. ಕೊನೆಯ ಎರಡರಲ್ಲಿ ಜಿಪಿಎಸ್ ಸೇರಿಸಿದರೆ, ಎಷ್ಟು ಮೈಲಿ ಅನ್ನೋದರ ಜೊತೆಗೆ ಎಲ್ಲಿ, ಯಾವಾಗ ಅನ್ನೋದೂ ದಾಖಲಾಗುತ್ತೆ.

ಜಿಪಿಎಸ್ ಯಾಕೆ ಬೇಕು ಅನ್ನಿಸಬಹುದು. ನಮ್ಮ ಕಡೆ ಅದಕ್ಕೆ ಒಂದು ಕಾರಣವಿದೆ. ಇಲ್ಲಿ ರಾಜ್ಯಗಳು ಪುಟ್ಟವು, ನಾವು ದಿನಾ ಗಡಿ ದಾಟುತ್ತೇವೆ. ಬೆಳಿಗ್ಗೆ ಲಿಂಕನ್ ಟನಲ್ ದಾಟಿದರೆ ನ್ಯೂಯಾರ್ಕ್. ರಜೆಯಲ್ಲಿ ಪಿಟ್ಸ್‌ಬರ್ಗಿನ ವೆಂಕಟೇಶ್ವರ ದೇವಸ್ಥಾನಕ್ಕೆ ಹೋಗಿಬಂದರೆ ಆ ದಾರಿಯ ಬಹುಪಾಲು ಪೆನ್ಸಿಲ್ವೇನಿಯಾದಲ್ಲಿ. ಆ ಮೈಲಿಗಳಿಗೆ ನ್ಯೂಜೆರ್ಸಿ ಯಾಕೆ ದುಡ್ಡು ತಗೋಬೇಕು? ದೊಡ್ಡ ಟ್ರಕ್ಕುಗಳಿಗೆ ಇದಕ್ಕೆ ಈಗಾಗಲೇ ಒಂದು ವ್ಯವಸ್ಥೆ ಇದೆ. ಯಾವ ರಾಜ್ಯದಲ್ಲಿ ಎಷ್ಟು ಮೈಲಿ ಓಡಿಸಿದರು ಅಂತ ಟ್ರಕ್ ಕಂಪನಿಗಳು ಲೆಕ್ಕ ಕೊಡುತ್ತವೆ, ಡೀಸೆಲ್ ಟ್ಯಾಕ್ಸನ್ನು ರಾಜ್ಯಗಳು ಅದರ ಪ್ರಕಾರ ಹಂಚಿಕೊಳ್ಳುತ್ತವೆ. ಕಾರುಗಳಿಗೆ ಇಂಥದ್ದು ಸಾಧ್ಯವೇ ಅಂತ ನಮ್ಮ ಪೂರ್ವ ಕರಾವಳಿಯ ರಾಜ್ಯಗಳ ಒಂದು ಒಕ್ಕೂಟ ಪ್ರಯೋಗಗಳನ್ನೂ ಮಾಡಿದೆ. ನ್ಯೂಜೆರ್ಸಿಯ ಚಾಲಕರೂ ಅದರಲ್ಲಿ ಭಾಗವಹಿಸಿದ್ದಾರೆ.

ಇಲ್ಲಿ ನನ್ನ ಕಸುಬಿನ ಒಂದು ಮಾತು ಹೇಳಬೇಕು. ಬಹಳ ವರ್ಷಗಳ ಹಿಂದೆ ಕೆಲಸ ಮಾಡುತ್ತಿದ್ದ ಒಂದು ಕಡೆ, ನಮ್ಮ ತಂಡ ಪ್ರತಿ ದಾಖಲೆಯ ಜೊತೆ ಗ್ರಾಹಕರು ಇದ್ದ ಜಾಗವನ್ನೂ ಉಳಿಸಿಡುತ್ತಿತ್ತು. ಯಾಕೆ ಅಂತ ಯಾರಿಗೂ ಗೊತ್ತಿರಲಿಲ್ಲ, "ಮುಂದೆ ಬೇಕಾಗಬಹುದು" ಅಷ್ಟೇ. ಬೇಡ ಅಂತ ತೀರ್ಮಾನವಾದಾಗ ಅದನ್ನು ಎಲ್ಲಾ ಕಡೆಯಿಂದ ಅಳಿಸಲು ನಮಗೆ ತಿಂಗಳುಗಳೇ ಹಿಡಿದವು. ಅವತ್ತು ನಾನು ಕಲಿತ ಪಾಠ ಇದು: ಬೇಕಾಗದ ಮಾಹಿತಿಯನ್ನು ಆಮೇಲೆ ಜೋಪಾನ ಮಾಡುವುದಕ್ಕಿಂತ ಮೊದಲೇ ತಗೊಳ್ಳದಿರೋದು ಸುಲಭ. ಸುಂಕಕ್ಕೆ ಬೇಕಾಗಿರೋದು ಒಂದೇ ಅಂಕಿ, ವರ್ಷದ ಒಟ್ಟು ಮೈಲಿ. ಮಂಗಳವಾರ ಸಂಜೆ ನಾನು ಯಾವ ಡಾಕ್ಟರ ಹತ್ತಿರ ಹೋಗಿದ್ದೆ ಅನ್ನೋದು ಸುಂಕದವನಿಗೆ ಬೇಡ.

ಹಾಗೆ ಮಾಡಿದರೆ ಗಡಿಯ ಲೆಕ್ಕ ಅಷ್ಟು ಸರಿಯಾಗಿ ಬರಲ್ಲ, ಪಿಟ್ಸ್‌ಬರ್ಗಿನ ಮೈಲಿಗೂ ಇಲ್ಲೇ ಕೊಡಬೇಕಾಗುತ್ತೆ. ನನ್ನ ಮಟ್ಟಿಗೆ ಆ ನಷ್ಟ ಪರವಾಗಿಲ್ಲ. ಬೇರೆಯವರಿಗೆ ಬೇರೆ ಅನ್ನಿಸಬಹುದು, ಅಂಥವರು ಇಷ್ಟಪಟ್ಟರೆ ಜಿಪಿಎಸ್ ಇರುವ ಪೆಟ್ಟಿಗೆ ಹಾಕಿಸಿಕೊಳ್ಳಲಿ.

ಬೇರೆಯವರು ಏನು ಮಾಡಿದ್ದಾರೆ?

ಮೊದಲು ಗ್ಯಾಸ್ ಟ್ಯಾಕ್ಸ್ ಹಾಕಿದ ಆರೆಗಾನ್, ಮೈಲಿ ಲೆಕ್ಕದಲ್ಲೂ ಮುಂದೆ ಬಂತು. 2015ರ ಜುಲೈಯಲ್ಲಿ ಅಲ್ಲಿ ಮೈಲಿಗೆ 1.5 ಸೆಂಟ್ ದರದಲ್ಲಿ ಒಂದು ಯೋಜನೆ ಶುರುವಾಯಿತು. ಇಷ್ಟ ಇರುವವರು ಸೇರಬಹುದು, ಜಿಪಿಎಸ್ ಬೇಕೋ ಬೇಡವೋ ಅನ್ನೋದನ್ನೂ ಅವರೇ ಆರಿಸಿಕೊಳ್ಳಬಹುದು.

ನ್ಯೂಜಿಲೆಂಡಿನಲ್ಲಿ ಡೀಸೆಲ್ ಗಾಡಿಗಳಿಗೆ ಬಹಳ ಕಾಲದಿಂದ ದೂರದ ಲೆಕ್ಕದಲ್ಲಿ ಸುಂಕವಿದೆ. 2024ರ ಏಪ್ರಿಲ್ 1ರಿಂದ ಎಲೆಕ್ಟ್ರಿಕ್ ಕಾರುಗಳಿಗೂ ಅದು ಬಂತು, ಸಾವಿರ ಕಿಲೋಮೀಟರಿಗೆ 76 ನ್ಯೂಜಿಲೆಂಡ್ ಡಾಲರ್. ಮೊಬೈಲಿಗೆ ಕರೆನ್ಸಿ ಹಾಕಿಸಿದ ಹಾಗೆ, ಅಲ್ಲಿ ಕಿಲೋಮೀಟರುಗಳನ್ನು ಮೊದಲೇ ಕೊಂಡುಕೊಳ್ಳಬೇಕು. ಮುಗಿಯುತ್ತಾ ಬಂದಾಗ ಮತ್ತೆ ತಗೋಬೇಕು.

ನನಗೆ ಹೆಚ್ಚು ಹಿಡಿಸಿದ್ದು ಹವಾಯಿ. 2025ರ ಜುಲೈ 1ರಿಂದ ಅಲ್ಲಿ ಎಲೆಕ್ಟ್ರಿಕ್ ಕಾರಿನವರ ಮುಂದೆ ಎರಡು ಆಯ್ಕೆ. ವರ್ಷಕ್ಕೆ 50 ಡಾಲರ್ ಕೊಡಿ, ಇಲ್ಲವೇ ಸಾವಿರ ಮೈಲಿಗೆ 8 ಡಾಲರಿನಂತೆ ಕೊಡಿ. ಮೈಲಿ ಲೆಕ್ಕ ಆರಿಸಿಕೊಂಡರೂ 50 ಡಾಲರಿಗಿಂತ ಹೆಚ್ಚು ತಗೊಳ್ಳಲ್ಲ. ಅಲ್ಲಿ ಕಾರುಗಳಿಗೆ ವರ್ಷಕ್ಕೊಮ್ಮೆ ಇನ್‌ಸ್ಪೆಕ್ಷನ್ ಇದೆ, ಆಗಲೇ ಓಡೋಮೀಟರ್ ನೋಡುತ್ತಾರೆ. ಜಿಪಿಎಸ್ ಬೇಡ, ಪೆಟ್ಟಿಗೆ ಬೇಡ. 2028ರ ನಂತರ ಎಲೆಕ್ಟ್ರಿಕ್ ಕಾರುಗಳಿಗೆಲ್ಲ ಮೈಲಿ ಲೆಕ್ಕವೇ.

ದೂರ ಎಣಿಸೋದು ನಮಗೂ ಹೊಸದೇನಲ್ಲ. 1951ರಲ್ಲಿ ಶುರುವಾದ ನ್ಯೂಜೆರ್ಸಿ ಟರ್ನ್‌ಪೈಕ್‌ನಲ್ಲಿ ಎಲ್ಲಿ ಹತ್ತಿದಿರಿ, ಎಲ್ಲಿ ಇಳಿದಿರಿ ಅನ್ನೋದರ ಮೇಲೆ ಟೋಲ್. ಮ್ಯಾನ್‌ಹಟನ್ನಿನಲ್ಲಿ 2025ರ ಜನವರಿ 5ರಿಂದ ಇನ್ನೊಂದು ಥರ. 60ನೇ ಬೀದಿಯಿಂದ ಕೆಳಗೆ ಹಗಲು ಕಾರು ತಂದರೆ 9 ಡಾಲರ್, ಎಲೆಕ್ಟ್ರಿಕ್ ಕಾರಾದರೂ ಅಷ್ಟೇ. ಅಲ್ಲಿ ಎಣಿಸೋದು ಜಾಗ ಮತ್ತು ಹೊತ್ತು.

ಭಾರದ ಮಾತು

"ಎಲೆಕ್ಟ್ರಿಕ್ ಕಾರು ಭಾರ, ರಸ್ತೆ ಹಾಳುಮಾಡುತ್ತೆ" ಅಂತ ಕೇಳಿರಬಹುದು. ಇದನ್ನೂ ಲೆಕ್ಕ ಮಾಡಿಯೇ ನೋಡೋಣ. 1958ರಿಂದ 1960ರವರೆಗೆ ಇಲಿನಾಯ್ ರಾಜ್ಯದ ಒಟ್ಟಾವಾ ಊರಿನ ಹತ್ತಿರ ಪರೀಕ್ಷೆಗೆಂದೇ ರಸ್ತೆ ಕಟ್ಟಿ, ಅದರ ಮೇಲೆ ಹಗಲು ರಾತ್ರಿ ಟ್ರಕ್ ಓಡಿಸಿ ನೋಡಿದರು. ಗೊತ್ತಾಗಿದ್ದು ಇದು: ಒಂದು ಅಚ್ಚಿನ ಮೇಲೆ ಬೀಳುವ ಭಾರ ಎರಡರಷ್ಟಾದರೆ ರಸ್ತೆಗೆ ಆಗುವ ಪೆಟ್ಟು ಎರಡರಷ್ಟಲ್ಲ, ಸುಮಾರು 2 × 2 × 2 × 2, ಅಂದರೆ ಹದಿನಾರರಷ್ಟು.

ಎಲೆಕ್ಟ್ರಿಕ್ ಕಾರು ಬ್ಯಾಟರಿಯಿಂದಾಗಿ ಕಾಲು ಭಾಗ ಹೆಚ್ಚು ತೂಗುತ್ತೆ ಅಂತಿಟ್ಟುಕೊಳ್ಳಿ. 1.25ನ್ನು ಹಾಗೇ ನಾಲ್ಕು ಸಲ ಗುಣಿಸಿದರೆ ಸುಮಾರು 2.4. ಗ್ಯಾಸ್ ಕಾರಿಗಿಂತ ಹೆಚ್ಚೇ. ಆದರೆ ಕಾರಿನ ಒಂದು ಅಚ್ಚಿಗೆ 2,000 ಪೌಂಡ್, ತುಂಬಿದ ಟ್ರಕ್ಕಿನ ಒಂದು ಅಚ್ಚಿಗೆ 18,000 ಪೌಂಡ್ ಅಂದರೆ ಒಂಬತ್ತರಷ್ಟು. 9 × 9 × 9 × 9 = 6,561! ಟ್ರಕ್ಕಿನ ಮುಂದೆ ನಮ್ಮ ಎರಡೂ ಕಾರುಗಳು ಇರುವೆಗಳು. ಸುಂಕವನ್ನು ಹೇರಿನ ಲೆಕ್ಕದಲ್ಲಿ ಹಾಕುತ್ತಿದ್ದ ನಮ್ಮ ಹಿರಿಯರನ್ನು ಇಲ್ಲಿ ನೆನೆಯಬೇಕು.

ಊರಲ್ಲೂ ಇದೇ ಪ್ರಶ್ನೆ

ನಾನು ಇಂಜಿನಿಯರಿಂಗ್ ಓದುವ ಕಾಲದಲ್ಲಿ, 2001ರಲ್ಲಿ, ಬೆಂಗಳೂರಿನ ರೇವಾ ಎಲೆಕ್ಟ್ರಿಕ್ ಕಾರು ರಸ್ತೆಗೆ ಬಂತು. ಆಟಿಕೆಯ ಹಾಗಿದ್ದ ಆ ಕಾರನ್ನು ನಾವು ನಿಂತು ನೋಡುತ್ತಿದ್ದೆವು. 2017ರಲ್ಲಿ ಎಲೆಕ್ಟ್ರಿಕ್ ವಾಹನಗಳಿಗೆಂದೇ ನೀತಿ ಮಾಡಿದ ಮೊದಲ ರಾಜ್ಯ ಕರ್ನಾಟಕ. ಅಲ್ಲಿ ಹೊಸ ಕಾರಿಗೆ ಆಜೀವ ತೆರಿಗೆಯನ್ನು ಒಂದೇ ಸಲ ಕಟ್ಟಬೇಕು, ಎಲೆಕ್ಟ್ರಿಕ್ ಗಾಡಿಗಳಿಗೆ ಅದು ಮಾಫಿ ಇತ್ತು. 2024ರಲ್ಲಿ 25 ಲಕ್ಷ ರೂಪಾಯಿಗಿಂತ ಹೆಚ್ಚು ಬೆಲೆಯ ಎಲೆಕ್ಟ್ರಿಕ್ ಕಾರುಗಳಿಗೆ ನೂರಕ್ಕೆ ಹತ್ತರಂತೆ ತೆರಿಗೆ ಬಂತು. ನ್ಯೂಜೆರ್ಸಿ ಕಾರುಗಳನ್ನು ಎಣಿಸಿದರೆ, ಕರ್ನಾಟಕ ಕಾರಿನ ಬೆಲೆಯನ್ನು ಎಣಿಸಿತು. ಎರಡೂ ಒಂದೇ ವರ್ಷ.

ನನ್ನ ಅಭಿಪ್ರಾಯ

ನಾವು ಊಟದ ಮೇಜಿನಲ್ಲಿ ಕೊನೆಗೆ ಒಪ್ಪಿಕೊಂಡದ್ದು ಹೀಗೆ. ಎಲೆಕ್ಟ್ರಿಕ್ ಕಾರಿನವರು ರಸ್ತೆಗೆ ತಮ್ಮ ಪಾಲು ಕೊಡಲೇಬೇಕು. ಮೈಲಿಯ ಲೆಕ್ಕದಲ್ಲಿ ಕೊಡುವ ಆಯ್ಕೆ ನ್ಯೂಜೆರ್ಸಿಯಲ್ಲೂ ಇರಬೇಕು. ಎಣಿಸೋದು ವರ್ಷಕ್ಕೊಂದು ಓಡೋಮೀಟರ್ ಅಂಕಿ ಸಾಕು. ಈಗಿರುವ ಶುಲ್ಕವೇ ಮೇಲಿನ ಮಿತಿಯಾಗಲಿ. ಆಗ ತಾತನಿಗೆ 60 ಡಾಲರ್, ನರ್ಸ್ ಆಂಟಿಗೆ 260ಕ್ಕಿಂತ ಹೆಚ್ಚಿಲ್ಲ. ನಾವು ಕೊಡೋದೂ 260 ಡಾಲರೇ.

ಹೀಗೆ ಮಾಡಿದರೆ ಬರುವ ದುಡ್ಡು ಕಡಿಮೆಯಾಗುತ್ತಲ್ಲ? ಹೌದು. ತಾತನಂಥವರು ಕೊಡುತ್ತಿದ್ದ 200 ಡಾಲರ್ ಬೇರೆ ಯಾರೋ ತುಂಬಬೇಕು. ಮಿತಿಯನ್ನು 300 ಡಾಲರಿಗೆ ಏರಿಸಿದರೆ ನಮ್ಮ ಮನೆಯಿಂದ ಇನ್ನೂ 40 ಡಾಲರ್ ಹೋಗುತ್ತೆ. ನಾವು ಓಡಿಸಿದ ಮೈಲಿಗೆ ಅದು ನ್ಯಾಯವಾದ ದುಡ್ಡು, ಕೊಡೋಕೆ ನಾನು ತಯಾರು. ನರ್ಸ್ ಆಂಟಿಗೂ ಅಷ್ಟೇ ಏರುತ್ತೆ ಅನ್ನೋದು ನನ್ನ ಹೆಂಡತಿಯ ತಕರಾರು. ಅದಕ್ಕೆ ನನ್ನ ಹತ್ತಿರ ಇನ್ನೂ ಉತ್ತರ ಸಿಕ್ಕಿಲ್ಲ.

ಈಗಿನ ಟ್ರಸ್ಟ್ ಫಂಡ್ ಕಾನೂನಿನ ಅವಧಿ 2029ರ ಜೂನ್‌ವರೆಗೆ. ಅಷ್ಟರಲ್ಲಿ ರಾಜ್ಯ ಮತ್ತೆ ಕೂತು ಯೋಚಿಸಬೇಕಾಗುತ್ತೆ. ಈಗ ಹೈಸ್ಕೂಲಿನಲ್ಲಿರುವ ನಿಮ್ಮಲ್ಲಿ ಹಲವರಿಗೆ ಆಗ ವೋಟು ಬಂದಿರುತ್ತೆ. ನಿಮ್ಮ ಪ್ರತಿನಿಧಿಗೆ ಬರೆಯೋಕೆ ವೋಟು ಬರೋವರೆಗೂ ಕಾಯಬೇಕಾಗಿಲ್ಲ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಪ್ರಯೋಜನವಿಲ್ಲ ಅನ್ನುತ್ತೆ ಗಾದೆ. ಆದರೆ ಇಲ್ಲಿ ಸುಂಕ ಎಷ್ಟು ಅಂತ ಗೊತ್ತು ಮಾಡುವವರನ್ನು ಆರಿಸುವವರು ನಾವೇ. ಅವರ ಮುಂದೆ ಲೆಕ್ಕ ಇಟ್ಟು ಮಾತಾಡಬಹುದು.

ಪದ ಪರಿಚಯ

ಸುಂಕ: ದಾರಿಯಲ್ಲಿ ಅಥವಾ ಸರಕಿನ ಮೇಲೆ ವಸೂಲಿ ಮಾಡುವ ತೆರಿಗೆ.
ಹೇರು: ಎತ್ತಿನ ಮೇಲೆ ಹೇರುವ ಹೊರೆ.
ವಂತಿಗೆ: ಎಲ್ಲರಿಗೂ ಸೇರಿದ ಕೆಲಸಕ್ಕೆ ಪ್ರತಿ ಮನೆಯವರು ಕೊಡುವ ಪಾಲು.
ಅಚ್ಚು: ಗಾಡಿಯ ಎರಡು ಚಕ್ರಗಳನ್ನು ಜೋಡಿಸುವ ದಂಡ. ಬೆಲ್ಲದ ಅಚ್ಚು ಬೇರೆ!
ಆಜೀವ: ಬದುಕಿರುವಷ್ಟು ಕಾಲ.
ಮಿತಿ: ಇದಕ್ಕಿಂತ ಹೆಚ್ಚಿಲ್ಲ ಅನ್ನುವ ಗೆರೆ.

ಮನೆಯಲ್ಲಿ ಮಾಡಿ ನೋಡಿ

1. ಇವತ್ತು ನಿಮ್ಮ ಮನೆಯ ಕಾರಿನ ಓಡೋಮೀಟರ್ ಅಂಕಿ ಬರೆದಿಡಿ. ಸರಿಯಾಗಿ ನಾಲ್ಕು ವಾರ ಬಿಟ್ಟು ಮತ್ತೆ ನೋಡಿ. ವ್ಯತ್ಯಾಸವನ್ನು 13ರಿಂದ ಗುಣಿಸಿದರೆ ವರ್ಷದ ಮೈಲಿ ಸುಮಾರಾಗಿ ಸಿಗುತ್ತೆ. 13 ಯಾಕೆ ಅಂತ ನೀವೇ ಹೇಳಿ.

2. ನಿಮ್ಮದು ಗ್ಯಾಸ್ ಕಾರಾದರೆ, ಅದು ಗ್ಯಾಲನ್ನಿಗೆ ಎಷ್ಟು ಮೈಲಿ ಓಡುತ್ತೆ ಅಂತ ಕೇಳಿ ತಿಳಿದು, 63.3 ಸೆಂಟನ್ನು ಅದರಿಂದ ಭಾಗಿಸಿ. ಎಲೆಕ್ಟ್ರಿಕ್ ಕಾರಾದರೆ 260 ಡಾಲರನ್ನು ವರ್ಷದ ಮೈಲಿಯಿಂದ ಭಾಗಿಸಿ. ಮೈಲಿಗೆ ಎಷ್ಟು ಸೆಂಟ್ ಬಂತು?

3. ವರ್ಷಕ್ಕೆ ಎಷ್ಟು ಮೈಲಿ ಓಡಿಸಿದರೆ 260 ಡಾಲರ್ ಶುಲ್ಕವೂ ಮೈಲಿಗೆ 2 ಸೆಂಟಿನ ಲೆಕ್ಕವೂ ಸಮವಾಗುತ್ತೆ?

4. ನರ್ಸ್ ಆಂಟಿಯ ಪ್ರಶ್ನೆಗೆ ನಿಮ್ಮ ಉತ್ತರವೇನು? ಅಜ್ಜ, ಅಜ್ಜಿ, ಅಪ್ಪ, ಅಮ್ಮನ ಜೊತೆ ಕನ್ನಡದಲ್ಲೇ ಚರ್ಚೆ ಮಾಡಿ, ಐದು ವಾಕ್ಯ ಬರೆದು ಕ್ಲಾಸಿಗೆ ತನ್ನಿ. ನನಗಿಂತ ಒಳ್ಳೆಯ ಉತ್ತರ ತಂದವರದ್ದನ್ನು ಮನೆಗೆ ಒಯ್ದು ನನ್ನ ಹೆಂಡತಿಗೆ ತೋರಿಸುತ್ತೇನೆ.